ಲಿಬ್ರೆಆಫೀಸ್‌ಗೆ ಎಕ್ಸ್‌ಟೆನ್ಷನ್ ಹುಡುಕಿ ಹಾಕಿದ್ದು, ನಿಂತುಹೋಗಿದ್ದ ಒಂದನ್ನು ರಿಪೇರಿ ಮಾಡಿದ್ದು

ಒಂದು ದೊಡ್ಡ ಹಸ್ತಪ್ರತಿಯನ್ನು ಲಿಬ್ರೆಆಫೀಸ್ ಅನ್ನುವ ಮುಕ್ತ ಆಫೀಸ್ ತಂತ್ರಾಂಶದ ಬರವಣಿಗೆ ಭಾಗವಾದ ರೈಟರ್‌ನಲ್ಲಿ ತಿದ್ದಿ ಮುಗಿಸುವ ಕೆಲಸವಿತ್ತು. ಬರೀ ರೈಟರ್ ಸಾಲದು ಅನಿಸಿದ್ದು ನಾಲ್ಕು ಕಡೆ. ಪ್ಯಾರಾ ದಾಟಿ ಹುಡುಕಬೇಕು. ಆಕರಗಳ ಉಲ್ಲೇಖ ಹಾಕಬೇಕು. ಪೈಥಾನ್ ಭಾಷೆಯಲ್ಲಿ ಸಣ್ಣಪುಟ್ಟ ಮ್ಯಾಕ್ರೋ (ಕೆಲಸವನ್ನು ತಾನಾಗಿ ಮಾಡಿಸುವ ಪುಟ್ಟ ಪ್ರೋಗ್ರಾಂ) ಬರೆದು ಓಡಿಸಬೇಕು. ಯಾವ ಅಧ್ಯಾಯದಲ್ಲಿ ಎಷ್ಟು ಪದಗಳಿವೆ, ಒಟ್ಟಿನಲ್ಲಿ ಅದು ಶೇಕಡಾ ಎಷ್ಟು ಅಂತ ನೋಡಬೇಕು. ನಾಲ್ಕಕ್ಕೂ ಎಕ್ಸ್‌ಟೆನ್ಷನ್, ಅಂದರೆ ತಂತ್ರಾಂಶಕ್ಕೆ ಹೊಸ ಸೌಲಭ್ಯ ಸೇರಿಸುವ ಪುಟ್ಟ ಪೊಟ್ಟಣಗಳು, ಸಿಕ್ಕವು. ಮೂರು ಹೆಚ್ಚು ತಕರಾರಿಲ್ಲದೆ ಕೂತವು. ನಾಲ್ಕನೆಯದು ಬರೆದವರು ಎಂದೋ ಕೈಬಿಟ್ಟಿದ್ದು. ಅದನ್ನು ಬಿಚ್ಚಿ, ತಿದ್ದಿ, ಮತ್ತೆ ಕಟ್ಟಬೇಕಾಯಿತು. ಈ ಬರಹದಲ್ಲಿ ಜಾಸ್ತಿ ಜಾಗ ಅದಕ್ಕೇ ಕೊಟ್ಟಿದ್ದೇನೆ. ಎಕ್ಸ್‌ಟೆನ್ಷನ್ ಹಾಕುವಾಗ ಒಂದು ಕೆಂಪು ಸಂದೇಶ ಬಂದರೆ ಸಾಕು, ಎಷ್ಟೋ ಜನ ಅಲ್ಲಿಗೇ ಬಿಟ್ಟುಬಿಡುತ್ತಾರೆ. ಅಷ್ಟು ಬೇಗ ಬಿಡುವ ಅಗತ್ಯ ಇಲ್ಲ. ಒಳಗಿರುವುದು ಬಹುಪಾಲು ಓದಿ ತಿದ್ದಬಹುದಾದ ಪಠ್ಯವೇ.

ನಾನು ಮಾಡಿದ್ದು ಡೆಬಿಯನ್ ಲಿನಕ್ಸ್‌ನಲ್ಲಿ. ವಿಂಡೋಸ್‌ನಲ್ಲಿ ಬೇರೆಯಾಗುವ ಕಡೆ ಅದನ್ನೂ ಹೇಳುತ್ತೇನೆ.

ಮೊದಲು ಒಳಗೇ ಇದೆಯಾ ಅಂತ ನೋಡಿ

ಎಕ್ಸ್‌ಟೆನ್ಷನ್ ಹುಡುಕುವ ಮುಂಚೆ ಆ ಸೌಲಭ್ಯ ಲಿಬ್ರೆಆಫೀಸ್‌ನಲ್ಲೇ ಇದೆಯಾ ಅಂತ ನೋಡಿಕೊಳ್ಳಬೇಕು. ಲಿಬ್ರೆಆಫೀಸ್‌ಗೆ ಮೂಲವಾದ ಓಪನ್‌ಆಫೀಸ್ ಕಾಲದಲ್ಲಿ ಪಿಡಿಎಫ್ ತೆರೆಯಲು ಒಂದು ಎಕ್ಸ್‌ಟೆನ್ಷನ್ ಬೇಕಿತ್ತು. ಸ್ಲೈಡ್ ತೋರಿಸುವಾಗ ನಮ್ಮ ಪರದೆಯಲ್ಲಿ ಮಾತ್ರ ಟಿಪ್ಪಣಿ ಕಾಣಿಸುವ ಪ್ರೆಸೆಂಟರ್ ಕನ್ಸೋಲ್‌ಗೂ ಒಂದು ಬೇಕಿತ್ತು. ಈಗ ಎರಡೂ ಜೊತೆಯಲ್ಲೇ ಬರುತ್ತವೆ. ಕ್ಯೂಆರ್ ಕೋಡ್ ಸೇರಿಸುವುದು 2020ರಲ್ಲಿ ಬಂದ 6.4 ಆವೃತ್ತಿಯಿಂದ ಒಳಗೇ ಇದೆ. ವ್ಯಾಕರಣ ನೋಡುವ ಲ್ಯಾಂಗ್ವೇಜ್‌ಟೂಲ್‌ಗಾಗಿ ದೊಡ್ಡ ಜಾವಾ ಎಕ್ಸ್‌ಟೆನ್ಷನ್ ಹಾಕುತ್ತಿದ್ದೆವು, ನೆನಪಿದೆಯಾ? 2022ರ 7.4ರಿಂದ ಅದರ ಸರ್ವರ್‌ಗೆ ನೇರವಾಗಿ ಜೋಡಿಸುವ ಆಯ್ಕೆ ಆಪ್ಷನ್ಸ್‌ನ ಭಾಷಾ ವಿಭಾಗದಲ್ಲೇ ಇದೆ. ಒಂದು ಎಚ್ಚರಿಕೆ ಮಾತ್ರ: ಅದನ್ನು ಆನ್ ಮಾಡಿದರೆ ನೀವು ಬರೆದ ವಾಕ್ಯಗಳು ಆ ಸರ್ವರ್‌ಗೆ ಹೋಗುತ್ತವೆ. ಬೇರೆಯವರ ಅಪ್ರಕಟಿತ ಬರಹ ಕೈಯಲ್ಲಿರುವಾಗ ನಾನು ಅದನ್ನು ಆನ್ ಮಾಡುವುದಿಲ್ಲ.

ಅಂತರ್ಜಾಲದಲ್ಲಿ ಸಿಗುವ "ಅತ್ಯುತ್ತಮ ಎಕ್ಸ್‌ಟೆನ್ಷನ್" ಪಟ್ಟಿಗಳಲ್ಲಿ ಇಂಥ ಹಳೆಯವು ಇನ್ನೂ ಇರುತ್ತವೆ. ಒಳಗೇ ಇರುವುದನ್ನು ಇನ್ನೊಮ್ಮೆ ಹೊರಗಿನಿಂದ ತಂದು ಹಾಕಿದರೆ ಲಾಭ ಏನೂ ಇಲ್ಲ.

ಎಲ್ಲಿ ಹುಡುಕುವುದು, ಏನು ನೋಡುವುದು

ಟೂಲ್ಸ್ ಮೆನುವಿನಲ್ಲಿ ಎಕ್ಸ್‌ಟೆನ್ಷನ್ಸ್ ಅಂತ ಇದೆ. ಹಳೆಯ ಆವೃತ್ತಿಗಳಲ್ಲಿ ಅದರ ಹೆಸರು ಎಕ್ಸ್‌ಟೆನ್ಷನ್ ಮ್ಯಾನೇಜರ್. ಕಂಟ್ರೋಲ್, ಆಲ್ಟ್, ಇ ಒಟ್ಟಿಗೆ ಒತ್ತಿದರೂ ತೆರೆಯುತ್ತದೆ. ಅಲ್ಲಿರುವ ಕೊಂಡಿ ಲಿಬ್ರೆಆಫೀಸ್‌ನ ಅಧಿಕೃತ ಎಕ್ಸ್‌ಟೆನ್ಷನ್ ತಾಣಕ್ಕೆ ಕರೆದೊಯ್ಯುತ್ತದೆ. ಅಪಾಚೆ ಓಪನ್‌ಆಫೀಸ್‌ಗೆ ಬೇರೆಯದೇ ತಾಣ ಇದೆ. ಲಿಬ್ರೆಆಫೀಸ್ 2010ರಲ್ಲಿ ಓಪನ್‌ಆಫೀಸ್‌ನಿಂದ ಕವಲೊಡೆದಿದ್ದು. ಹಾಗಾಗಿ ಅಲ್ಲಿಯ ಎಷ್ಟೋ ಎಕ್ಸ್‌ಟೆನ್ಷನ್ ಇಲ್ಲಿಯೂ ನಡೆಯುತ್ತವೆ, ಎಲ್ಲವೂ ಅಲ್ಲ. ನಾನು ಆ ತಾಣಕ್ಕೆ ಹೋಗುವುದು ಇಲ್ಲಿ ಸಿಗದಿದ್ದಾಗ ಮಾತ್ರ.

ಹೆಸರು, ಸ್ಕ್ರೀನ್‌ಶಾಟ್ ನೋಡಿ ನಾನು ಆರಿಸುವುದಿಲ್ಲ. ಕೊನೆಯ ಬಿಡುಗಡೆ ಯಾವಾಗ, ಯಾವ ಲೈಸೆನ್ಸ್, ಮೂಲ ಕೋಡ್ ಎಲ್ಲಿದೆ, ಯಾವ ಭಾಷೆಯಲ್ಲಿ ಬರೆದದ್ದು ಅಂತ ನೋಡುತ್ತೇನೆ. ಕೊನೆಯ ಪ್ರಶ್ನೆಗೆ ತೂಕ ಜಾಸ್ತಿ. ಬೇಸಿಕ್‌ನಲ್ಲಿ ಬರೆದ ಎಕ್ಸ್‌ಟೆನ್ಷನ್ ಎಷ್ಟೇ ಹಳೆಯದಾದರೂ ಸಾಮಾನ್ಯವಾಗಿ ಓಡುತ್ತದೆ. ಜಾವಾದಲ್ಲಿದ್ದರೆ ಕಂಪ್ಯೂಟರ್‌ನಲ್ಲಿ ಜಾವಾ ಬೇಕು. ಪೈಥಾನ್‌ನಲ್ಲಿದ್ದರೆ ಯಾವ ಕಾಲದ ಪೈಥಾನ್ ಅಂತ ಕೇಳಬೇಕು. ನನ್ನ ನಾಲ್ಕನೆಯ ಎಕ್ಸ್‌ಟೆನ್ಷನ್ ಸಿಕ್ಕಿಹಾಕಿಕೊಂಡದ್ದು ಇಲ್ಲೇ.

ಇನ್ನೊಂದು ವಿಷಯ. ಡಾಕ್ಯುಮೆಂಟ್ ಒಳಗಿನ ಮ್ಯಾಕ್ರೋಗಳನ್ನು ತಡೆಯಲು ಮ್ಯಾಕ್ರೋ ಸೆಕ್ಯುರಿಟಿ ಇದೆ. ನೀವಾಗಿಯೇ ಹಾಕಿದ ಎಕ್ಸ್‌ಟೆನ್ಷನ್‌ಗೆ ಆ ಬೇಲಿ ಇಲ್ಲ. ನಿಮ್ಮ ಖಾತೆ ಏನೆಲ್ಲ ಮಾಡಬಲ್ಲದೋ ಅದೂ ಅಷ್ಟನ್ನೂ ಮಾಡಬಲ್ಲದು. ಹಾಗಾಗಿ ಯಾವುದೋ ಡೌನ್‌ಲೋಡ್ ತಾಣದಲ್ಲಿ ಬಿದ್ದಿರುವ ಪ್ರತಿ ಬೇಡ. ಅಧಿಕೃತ ತಾಣ ಅಥವಾ ಬರೆದವರ ಸ್ವಂತ ಕೋಡ್ ಭಂಡಾರ, ಇವೆರಡೇ ಸಾಕು.

ಕೈ ಹಾಕುವ ಮುಂಚೆ

ಯೂಸರ್ ಪ್ರೊಫೈಲ್‌ನ ಒಂದು ಪ್ರತಿ ತೆಗೆದಿಟ್ಟೆ. ಲಿನಕ್ಸ್‌ನಲ್ಲಿ ಹೋಮ್‌ನ ಅಡಗಿರುವ ಕಾನ್ಫಿಗ್ ಫೋಲ್ಡರ್, ಅದರೊಳಗೆ ಲಿಬ್ರೆಆಫೀಸ್, ಅದರೊಳಗೆ 4, ಅದರೊಳಗೆ ಯೂಸರ್. ವಿಂಡೋಸ್‌ನಲ್ಲಿ ಆಪ್‌ಡೇಟಾದ ರೋಮಿಂಗ್ ಒಳಗೆ ಇದೇ ಸಾಲು. ಆವೃತ್ತಿ 24 ಆದರೂ ಫೋಲ್ಡರ್ ಹೆಸರು 4 ಅಂತಲೇ ಇದೆ, ಗಾಬರಿ ಬೇಡ. ಎಕ್ಸ್‌ಟೆನ್ಷನ್, ಕೀಲಿ ಶಾರ್ಟ್‌ಕಟ್, ಸ್ವಂತ ನಿಘಂಟು, ಟೂಲ್‌ಬಾರ್ ಜೋಡಣೆ ಎಲ್ಲವೂ ಈ ಒಂದು ಫೋಲ್ಡರ್‌ನಲ್ಲಿರುತ್ತವೆ. ಏನಾದರೂ ಕೆಟ್ಟರೆ ಹಳೆಯ ಪ್ರತಿಯನ್ನು ವಾಪಸ್ ಇಟ್ಟರೆ ಮುಗಿಯಿತು.

ಪ್ರತಿ ತೆಗೆಯದೆ ಸಿಕ್ಕಿಕೊಂಡವರಿಗೂ ದಾರಿ ಇದೆ. ಹೆಲ್ಪ್ ಮೆನುವಿನಲ್ಲಿ ರೀಸ್ಟಾರ್ಟ್ ಇನ್ ಸೇಫ್ ಮೋಡ್ ಇದೆ. ಅದರಲ್ಲಿ ಬಳಕೆದಾರರು ಹಾಕಿದ ಎಕ್ಸ್‌ಟೆನ್ಷನ್‌ಗಳನ್ನು ಮಾತ್ರ ಆಫ್ ಮಾಡಿ ಶುರು ಮಾಡಬಹುದು. ಒಂದು ಎಕ್ಸ್‌ಟೆನ್ಷನ್ ಹಾಕಿದ ಮೇಲೆ ಲಿಬ್ರೆಆಫೀಸ್ ತೆರೆಯುವುದೇ ಇಲ್ಲ ಅಂದರೆ ಮೊದಲು ಇದನ್ನೇ ನೋಡಿ. ಆಗ ಮೆನು ಸಿಗುವುದಿಲ್ಲವಲ್ಲ, ಅದಕ್ಕೆ ಟರ್ಮಿನಲ್‌ನಲ್ಲಿ (ಆದೇಶಗಳನ್ನು ಟೈಪ್ ಮಾಡುವ ಕಿಟಕಿ) ಎಸ್‌ಆಫೀಸ್ ಕಮಾಂಡಿಗೆ ಎರಡು ಅಡ್ಡಗೆರೆ ಹಾಕಿ ಸೇಫ್-ಮೋಡ್ ಅಂತ ಸೇರಿಸಿದರೆ ಆಯಿತು.

ಸಲೀಸಾದ ಮೂರು

ಹುಡುಕಾಟಕ್ಕೆ ಆಲ್ಟ್‌ಸರ್ಚ್ ಹಾಕಿದೆ. ರೈಟರ್‌ನ ಸ್ವಂತ ಹುಡುಕಾಟ ಒಂದು ಪ್ಯಾರಾದ ಗಡಿ ದಾಟುವುದಿಲ್ಲ. ಆಲ್ಟ್‌ಸರ್ಚ್ ದಾಟುತ್ತದೆ. ಹುಡುಕಿ-ಬದಲಿಸುವ ಹಲವು ಹೆಜ್ಜೆಗಳನ್ನು ಸಾಲಾಗಿ ಉಳಿಸಿಟ್ಟು ಒಂದೇ ಸಲ ಓಡಿಸುತ್ತದೆ. ಪ್ರತಿ ಅಧ್ಯಾಯಕ್ಕೂ ಒಂದೇ ಬಗೆಯ ಶುದ್ಧೀಕರಣ ಮಾಡಬೇಕಾದವರಿಗೆ ಇದು ದೊಡ್ಡ ಉಪಕಾರ. ಹಾಕುವುದು ಏನೂ ಕಷ್ಟ ಇಲ್ಲ. ಫೈಲ್ ಇಳಿಸಿಕೊಂಡು, ಎಕ್ಸ್‌ಟೆನ್ಷನ್ಸ್ ಕಿಟಕಿಯಲ್ಲಿ ಆ್ಯಡ್ ಒತ್ತಿ, ಫೈಲ್ ತೋರಿಸಿ, ಲೈಸೆನ್ಸ್ ಒಪ್ಪಿ, ಲಿಬ್ರೆಆಫೀಸ್ ಮತ್ತೆ ಶುರು ಮಾಡಿದರೆ ಟೂಲ್‌ಬಾರ್‌ನಲ್ಲಿ ಕಾಣುತ್ತದೆ. ಕೆಲವು ಬ್ರೌಸರ್‌ಗಳು ಇಳಿಸಿದ ಫೈಲ್‌ನ ಕೊನೆಯ ಒಎಕ್ಸ್‌ಟಿ ಅಕ್ಷರಗಳನ್ನು ಜಿಪ್ ಅಂತ ಬದಲಿಸಿಬಿಡುತ್ತವೆ. ಹಾಗಾದರೆ ಹೆಸರು ಮತ್ತೆ ಒಎಕ್ಸ್‌ಟಿ ಮಾಡಿಕೊಳ್ಳಿ.

ಉಲ್ಲೇಖಗಳಿಗೆ ಜೊಟೆರೋ, ಆಕರಗಳನ್ನು ಕೂಡಿಟ್ಟುಕೊಳ್ಳುವ ತಂತ್ರಾಂಶ. ಇದರ ಎಕ್ಸ್‌ಟೆನ್ಷನ್ ಹುಡುಕಿ ಹೋಗಬೇಕಾಗಿಲ್ಲ. ಜೊಟೆರೋ ತೆರೆದು, ಸೆಟ್ಟಿಂಗ್ಸ್‌ನ ಸೈಟ್ ಭಾಗದಲ್ಲಿ ವರ್ಡ್ ಪ್ರೊಸೆಸರ್ಸ್‌ಗೆ ಹೋದರೆ ಅಲ್ಲಿಂದಲೇ ಲಿಬ್ರೆಆಫೀಸ್‌ಗೆ ಹಾಕುತ್ತದೆ. ಆದರೆ ಇದಕ್ಕೆ ಜಾವಾ ಬೇಕು. ಡೆಬಿಯನ್‌ನಲ್ಲಿ ಜಾವಾ ಇದ್ದರಷ್ಟೇ ಸಾಲದು, ಲಿಬ್ರೆಆಫೀಸ್-ಜಾವಾ-ಕಾಮನ್ ಅನ್ನುವ ಪ್ಯಾಕೇಜೂ ಬೇಕು. ಇಲ್ಲದಿದ್ದರೆ "ಕುಡ್ ನಾಟ್ ಕ್ರಿಯೇಟ್ ಜಾವಾ ಇಂಪ್ಲಿಮೆಂಟೇಷನ್ ಲೋಡರ್" ಅನ್ನುವ ಸಂದೇಶ ಬರುತ್ತದೆ. ಅದು ಓದಲು ಏನೋ ದೊಡ್ಡ ಕೇಡಿನ ಹಾಗಿದ್ದರೂ ಅರ್ಥ ಇಷ್ಟೇ: ಜಾವಾ ಸಿಗುತ್ತಿಲ್ಲ. ವಿಂಡೋಸ್‌ನಲ್ಲಿ ಇದೇ ಸಂದೇಶ ಬಂದರೆ ಲಿಬ್ರೆಆಫೀಸ್ 64 ಬಿಟ್ ಇದ್ದು ಜಾವಾ 32 ಬಿಟ್ ಇದೆಯಾ ಅಂತ ನೋಡಿ. ಎರಡೂ ಒಂದೇ ಆಗಿರಬೇಕು. ಆಮೇಲೆ ಆಪ್ಷನ್ಸ್‌ನ ಅಡ್ವಾನ್ಸ್ಡ್ ಪುಟದಲ್ಲಿ ಜಾವಾ ಬಳಸುವ ಆಯ್ಕೆಗೆ ಗುರುತು ಹಾಕಿ.

ಮೂರನೆಯದು ಆಪ್ಸೋ, ಪೈಥಾನ್ ಮ್ಯಾಕ್ರೋಗಳಿಗೆ. ಲಿಬ್ರೆಆಫೀಸ್ ಪೈಥಾನ್ ಮ್ಯಾಕ್ರೋ ಓಡಿಸುತ್ತದೆ, ಆದರೆ ಅದನ್ನು ತಿದ್ದಲು ತಾನಾಗಿ ಏನೂ ಕೊಡುವುದಿಲ್ಲ. ಆಪ್ಸೋ ಆ ಕೊರತೆ ತುಂಬುತ್ತದೆ. ಆಲ್ಟ್, ಶಿಫ್ಟ್, ಎಫ್11 ಒತ್ತಿದರೆ ಪಟ್ಟಿ ತೆರೆಯುತ್ತದೆ. ಜೊತೆಗೆ ಒಂದು ಪೈಥಾನ್ ಶೆಲ್ ಕೂಡ ಸಿಗುತ್ತದೆ. ಮುಂದಿನ ರಿಪೇರಿಗೆ ಆ ಶೆಲ್ ತುಂಬಾ ನೆರವಾಯಿತು.

ನಿಂತುಹೋಗಿದ್ದ ಎಕ್ಸ್‌ಟೆನ್ಷನ್

ಶೀರ್ಷಿಕೆವಾರು ಪದ ಎಣಿಸುವ ಪುಟ್ಟ ಎಕ್ಸ್‌ಟೆನ್ಷನ್ ಅದು. ಬೇಕಾದದ್ದನ್ನೇ ಮಾಡುತ್ತದೆ, ಒಂದಿಷ್ಟೂ ಹೆಚ್ಚಿಲ್ಲ. ಅದಕ್ಕೇ ನನಗೆ ಅದರ ಮೇಲೆ ಮನಸ್ಸಾಯಿತು. ಆದರೆ ಆ್ಯಡ್ ಒತ್ತಿದ ಕೂಡಲೇ ಒಂದು ಉದ್ದನೆಯ ದೋಷ ಸಂದೇಶ. ಕಿಟಕಿಯಲ್ಲಿ ಅದು ಪೂರ್ತಿ ಓದಲು ಆಗುವುದಿಲ್ಲ. ಹಾಗಾಗಿ ಟರ್ಮಿನಲ್‌ಗೆ ಹೋದೆ.

ಎಕ್ಸ್‌ಟೆನ್ಷನ್‌ಗಳಿಗೆಂದೇ ಲಿಬ್ರೆಆಫೀಸ್ ಜೊತೆ ಯುನೋಪಿಕೆಜಿ ಅನ್ನುವ ಕಮಾಂಡ್ ಬರುತ್ತದೆ. ಅದರ ಮುಂದೆ ಆ್ಯಡ್ ಅಂತ ಬರೆದು ಫೈಲ್ ಹೆಸರು ಕೊಟ್ಟರೆ ಹಾಕುತ್ತದೆ, ರಿಮೂವ್ ಅಂದರೆ ತೆಗೆಯುತ್ತದೆ, ಲಿಸ್ಟ್ ಅಂದರೆ ಇರುವುದನ್ನೆಲ್ಲ ತೋರಿಸುತ್ತದೆ. ಇದನ್ನು ಬಳಸುವಾಗ ಲಿಬ್ರೆಆಫೀಸ್ ಪೂರ್ತಿ ಮುಚ್ಚಿರಬೇಕು. ಇಲ್ಲದಿದ್ದರೆ ಲಾಕ್ ಫೈಲ್ ಇದೆ ಅಂತ ನಿಂತುಬಿಡುತ್ತದೆ. ಎಲ್ಲ ಮುಚ್ಚಿದ ಮೇಲೂ ಹಾಗೇ ಹೇಳಿದರೆ, ಅದು ತೋರಿಸುವ ಜಾಗದಲ್ಲಿರುವ ಲಾಕ್ ಫೈಲ್ ಅಳಿಸಬಹುದು. ಸುಮ್ನೆ ಸುಡೋ (ನಿರ್ವಾಹಕರ ಅಧಿಕಾರದಲ್ಲಿ ಓಡಿಸುವ ಆದೇಶ) ಸೇರಿಸಿ ಓಡಿಸಬೇಡಿ. ಹಾಗೆ ಮಾಡಿದರೆ ಪ್ರೊಫೈಲ್‌ನ ಫೈಲ್‌ಗಳ ಒಡೆತನ ರೂಟ್ ಅನ್ನುವ ನಿರ್ವಾಹಕ ಖಾತೆಗೆ ಹೋಗಿ, ಆಮೇಲೆ ನಿಮ್ಮ ಖಾತೆಯಿಂದ ಏನೂ ಬದಲಿಸಲಾಗದ ಸ್ಥಿತಿ ಬರಬಹುದು. ಈಗಿನ ಆವೃತ್ತಿಗಳು ಇದನ್ನು ತಾವೇ ತಡೆಯುತ್ತವೆ. ಕಂಪ್ಯೂಟರ್‌ನ ಎಲ್ಲ ಬಳಕೆದಾರರಿಗೂ ಬೇಕು ಅಂದರೆ ಮಾತ್ರ ರೂಟ್ ಆಗಿ, ಶೇರ್ಡ್ ಆಯ್ಕೆಯ ಜೊತೆ ಓಡಿಸುವುದು.

ಟರ್ಮಿನಲ್‌ನಲ್ಲಿ ಸಂದೇಶ ಪೂರ್ತಿ ಕಂಡಿತು. ಸಿಂಟ್ಯಾಕ್ಸ್ ಎರರ್, ಪೈಥಾನ್ ಫೈಲ್‌ನ ಇಂಥ ಸಾಲು, ಪ್ರಿಂಟ್‌ಗೆ ಆವರಣ ಚಿಹ್ನೆ ಇಲ್ಲ. ಅಲ್ಲಿಗೆ ರೋಗ ಗೊತ್ತಾಯಿತು. ಇದು ಪೈಥಾನ್ 2ರ ಕೋಡ್. ಲಿಬ್ರೆಆಫೀಸ್ 2013ರ ಫೆಬ್ರವರಿಯಲ್ಲಿ ಬಂದ 4.0ರಲ್ಲೇ ಪೈಥಾನ್ 3ಕ್ಕೆ ದಾಟಿತು. ಅಪಾಚೆ ಓಪನ್‌ಆಫೀಸ್ 4.1 ಇನ್ನೂ 2.7ರಲ್ಲೇ ಇದೆ. ಅಲ್ಲಿ ಓಡುವ ಎಕ್ಸ್‌ಟೆನ್ಷನ್ ಇಲ್ಲಿ ಓಡದಿರಲು ಇದೊಂದು ದೊಡ್ಡ ಕಾರಣ. ಹಾಕುವಾಗಲೇ ದೋಷ ಬರುವುದಕ್ಕೂ ಕಾರಣ ಇದೆ. ನೋಂದಾಯಿಸುವ ಹೊತ್ತಿಗೆ ಲಿಬ್ರೆಆಫೀಸ್ ಆ ಪೈಥಾನ್ ಫೈಲನ್ನು ಒಮ್ಮೆ ಲೋಡ್ ಮಾಡಿ ನೋಡುತ್ತದೆ.

(ಡೆಬಿಯನ್, ಉಬುಂಟು ಬಳಸುವವರಿಗೆ: ಪೈಥಾನ್ ಎಕ್ಸ್‌ಟೆನ್ಷನ್ ಯಾವುದೂ ಹತ್ತುತ್ತಿಲ್ಲ ಅಂದರೆ ಕೋಡ್ ನೋಡುವ ಮುಂಚೆ ಪೈಥಾನ್3-ಯುನೋ ಮತ್ತು ಲಿಬ್ರೆಆಫೀಸ್-ಸ್ಕ್ರಿಪ್ಟ್-ಪ್ರೊವೈಡರ್-ಪೈಥಾನ್ ಪ್ಯಾಕೇಜ್‌ಗಳು ಇವೆಯಾ ನೋಡಿ.)

ಒಎಕ್ಸ್‌ಟಿ ಫೈಲ್ ಅಂದರೆ ಜಿಪ್ ಫೈಲೇ. ಒಂದು ಪ್ರತಿ ಮಾಡಿಕೊಂಡು ಬಿಚ್ಚಿದೆ. ಒಳಗೆ ಮೆಟಾ-ಐಎನ್‌ಎಫ್ ಅನ್ನುವ ಫೋಲ್ಡರ್, ಅದರಲ್ಲಿ ಮ್ಯಾನಿಫೆಸ್ಟ್ ಫೈಲ್. ಈ ಪೊಟ್ಟಣದಲ್ಲಿ ಏನೇನಿದೆ, ಯಾವುದು ಪೈಥಾನ್, ಯಾವುದು ಮೆನು ವಿವರ ಅಂತ ಲಿಬ್ರೆಆಫೀಸ್‌ಗೆ ಹೇಳುವುದು ಅದೇ. ಹೊರಗಡೆ ಡಿಸ್ಕ್ರಿಪ್ಷನ್ ಎಕ್ಸ್‌ಎಂಎಲ್. ಅದರಲ್ಲಿ ಎಕ್ಸ್‌ಟೆನ್ಷನ್‌ನ ಗುರುತು, ಆವೃತ್ತಿ ಸಂಖ್ಯೆ, ಬರೆದವರ ಹೆಸರು, ಕನಿಷ್ಠ ಯಾವ ಆವೃತ್ತಿ ಬೇಕು ಅನ್ನುವುದು. ಆಡ್‌ಆನ್ಸ್ ಎಕ್ಸ್‌ಸಿಯು ಅನ್ನುವುದರಲ್ಲಿ ಮೆನು. ಮತ್ತೆ ಆ ಪೈಥಾನ್ ಫೈಲ್, ಒಂದೆರಡು ಐಕಾನ್, ಲೈಸೆನ್ಸ್. ಲೈಸೆನ್ಸ್ ಮೊದಲು ಓದಿದೆ. ಜಿಪಿಎಲ್. ತಿದ್ದಬಹುದು, ತಿದ್ದಿದ್ದನ್ನು ಅದೇ ಲೈಸೆನ್ಸ್‌ನಲ್ಲಿ ಹಂಚಲೂಬಹುದು. ಮೂಲ ಲೇಖಕರ ಹೆಸರು ಮುಟ್ಟದೆ ಹಾಗೇ ಉಳಿಸಿದೆ.

ಪ್ರಿಂಟ್‌ಗಳಿಗೆ ಆವರಣ ಹಾಕಿದೆ. ಎಕ್ಸೆಪ್ಟ್ ಸಾಲುಗಳಲ್ಲಿ ಅಲ್ಪವಿರಾಮ ಇದ್ದ ಕಡೆ ಆ್ಯಸ್ ಬರೆದೆ. ಯೂನಿಕೋಡ್ ಅಂತ ಕರೆಯುತ್ತಿದ್ದ ಕಡೆ ಎಸ್‌ಟಿಆರ್ ಮಾಡಿದೆ. ಮತ್ತೆ ಹಾಕಿ ನೋಡಿದರೆ ಈಗ ಟ್ಯಾಬ್ ಎರರ್. ಬರೆದವರು ಕೆಲವು ಸಾಲಿನ ಮುಂದೆ ಟ್ಯಾಬ್, ಕೆಲವು ಸಾಲಿನ ಮುಂದೆ ಸ್ಪೇಸ್ ಬಿಟ್ಟಿದ್ದರು. ಪೈಥಾನ್ 2 ಇದನ್ನು ಸಹಿಸಿಕೊಳ್ಳುತ್ತಿತ್ತು, 3 ಒಪ್ಪುವುದಿಲ್ಲ. ಕಣ್ಣಿಗೆ ಎರಡೂ ಒಂದೇ ಥರ ಕಾಣುವುದರಿಂದ ಕೈಯಲ್ಲಿ ಹುಡುಕುತ್ತಾ ಕೂರಬಾರದು. ಯಾವುದೇ ಒಳ್ಳೆಯ ಎಡಿಟರ್‌ನಲ್ಲಿ ಟ್ಯಾಬ್‌ಗಳನ್ನೆಲ್ಲ ಸ್ಪೇಸ್ ಮಾಡುವ ಆದೇಶ ಇರುತ್ತದೆ. ಒಂದು ಟ್ಯಾಬ್ ಅಂದರೆ 8 ಸ್ಪೇಸ್ ಅಂತ ಕೊಡಬೇಕು. ಪೈಥಾನ್ 2 ಹಾಗೇ ಲೆಕ್ಕ ಹಾಕುತ್ತಿದ್ದುದು. 4 ಅಂತ ಕೊಟ್ಟರೆ ಬ್ಲಾಕ್‌ಗಳು ಜಾಗ ತಪ್ಪುತ್ತವೆ.

ಈಗ ದೋಷವಿಲ್ಲದೆ ಹತ್ತಿತು. ಮೆನುವೂ ಬಂತು. ಆದರೆ ಕೆಲಸ ಮುಗಿದಿರಲಿಲ್ಲ. ಮೆನು ಒತ್ತಿದಾಗ ಮಾತ್ರ ಓಡುವ ಸಾಲುಗಳ ತಪ್ಪು ಹಾಕುವಾಗ ಕಾಣುವುದಿಲ್ಲ. ಇಲ್ಲಿ ಒಂದು ಡಿಕ್ಷನರಿಯಿಂದ (ಪೈಥಾನ್‌ನಲ್ಲಿ ಕೀ ಮತ್ತು ಮೌಲ್ಯದ ಜೋಡಿಗಳ ಸಂಗ್ರಹ) ಕೀಗಳನ್ನು ತೆಗೆದು ಮುಂದಿನ ಸಾಲಿನಲ್ಲಿ ಸಾರ್ಟ್ ಮಾಡುತ್ತಿದ್ದರು. ಪೈಥಾನ್ 3ರಲ್ಲಿ ಕೀಸ್ ಕೊಡುವುದು ಲಿಸ್ಟ್ ಅಲ್ಲ, ಅದಕ್ಕೆ ಸಾರ್ಟ್ ಇಲ್ಲ. ಸಾರ್ಟೆಡ್ ಅನ್ನುವ ಫಂಕ್ಷನ್ ಒಳಗೆ ಹಾಕಿದ ಮೇಲೆ ಸರಿಹೋಯಿತು. ಆ ತುಣುಕನ್ನು ಆಪ್ಸೋ ಶೆಲ್‌ನಲ್ಲೇ ಓಡಿಸಿ ನೋಡಿದ್ದರಿಂದ, ಪ್ರತಿ ಸಲ ಕಟ್ಟಿ ಹಾಕಿ ನೋಡುವ ಶ್ರಮ ಉಳಿಯಿತು.

ಕೊನೆಯ ತಪ್ಪು ದೋಷ ಸಂದೇಶವನ್ನೇ ಕೊಡಲಿಲ್ಲ. ಎಣಿಕೆ ಸರಿಯಾಗಿ ಬಂತು, ಶೇಕಡಾ ಮಾತ್ರ 23.076923076923077 ಅಂತ ಬಾಲ ಬೆಳೆಸಿಕೊಂಡು ಬಂತು. ಪೈಥಾನ್ 2ರಲ್ಲಿ ಪೂರ್ಣ ಸಂಖ್ಯೆಯನ್ನು ಪೂರ್ಣ ಸಂಖ್ಯೆಯಿಂದ ಭಾಗಿಸಿದರೆ ಪೂರ್ಣ ಸಂಖ್ಯೆಯೇ ಸಿಗುತ್ತಿತ್ತು. 3ರಲ್ಲಿ ಒಂದು ಓರೆಗೆರೆ ದಶಮಾಂಶ ಕೊಡುತ್ತದೆ, ಎರಡು ಓರೆಗೆರೆ ಹಳೆಯ ಹಾಗೆ. ಇಲ್ಲಿ ಕಣ್ಣಿಗೆ ಕಂಡಿದ್ದರಿಂದ ತಿದ್ದಿದೆ. ಲೆಕ್ಕದ ಹಾಳೆಯಲ್ಲಿ ಕೆಲಸ ಮಾಡುವ ಹಳೆಯ ಎಕ್ಸ್‌ಟೆನ್ಷನ್ ಆಗಿದ್ದರೆ ಒಳಗೊಳಗೇ ಲೆಕ್ಕ ಬದಲಾಗಿ ಯಾರಿಗೂ ಗೊತ್ತಾಗದೆ ಹೋಗಬಹುದು. 2ರಿಂದ 3ಕ್ಕೆ ಬದಲಿಸಲು ಟು-ಟು-ತ್ರೀ (2to3) ಅನ್ನುವ ಉಪಕರಣ ಪೈಥಾನ್ ಜೊತೆಯಲ್ಲೇ ಬರುತ್ತಿತ್ತು, 3.13ರಲ್ಲಿ ಅದನ್ನು ತೆಗೆದರು. ಅದು ಇದ್ದಾಗಲೂ ಭಾಗಾಕಾರವನ್ನು ಮುಟ್ಟುತ್ತಿರಲಿಲ್ಲ. ಹಾಗಾಗಿ ಓರೆಗೆರೆ ಇರುವ ಪ್ರತಿ ಸಾಲನ್ನೂ ನೀವೇ ಓದಬೇಕು.

ಮತ್ತೆ ಕಟ್ಟುವಾಗ

ಎಲ್ಲರೂ ಎಡವುವ ಜಾಗ ಇದು. ಬಿಚ್ಚಿದ ಫೋಲ್ಡರ್ ಮೇಲೆ ರೈಟ್ ಕ್ಲಿಕ್ ಮಾಡಿ ಜಿಪ್ ಮಾಡಬಾರದು. ಹಾಗೆ ಮಾಡಿದರೆ ಜಿಪ್ ಒಳಗೆ ಮೊದಲು ಆ ಫೋಲ್ಡರ್, ಅದರೊಳಗೆ ಮೆಟಾ-ಐಎನ್‌ಎಫ್ ಬರುತ್ತದೆ. ಲಿಬ್ರೆಆಫೀಸ್‌ಗೆ ಮ್ಯಾನಿಫೆಸ್ಟ್ ಸಿಗುವುದಿಲ್ಲ. ಫೋಲ್ಡರ್ ಒಳಗೆ ಹೋಗಿ, ಎಲ್ಲವನ್ನೂ ಆರಿಸಿ, ಆಮೇಲೆ ಜಿಪ್ ಮಾಡಿ, ಹೆಸರನ್ನು ಒಎಕ್ಸ್‌ಟಿ ಮಾಡಬೇಕು. ಕಟ್ಟಿದ ಮೇಲೆ ಒಮ್ಮೆ ತೆರೆದು, ಮೆಟಾ-ಐಎನ್‌ಎಫ್ ಮೊದಲ ಹಂತದಲ್ಲೇ ಕಾಣುತ್ತಿದೆಯಾ ಅಂತ ನೋಡಿ.

ಆವೃತ್ತಿಯನ್ನು 1.2 ಇದ್ದದ್ದು 1.2.1 ಮಾಡಿದೆ. ಗುರುತು ಬದಲಿಸಲಿಲ್ಲ. ಗುರುತು ಒಂದೇ ಇದ್ದರೆ ಲಿಬ್ರೆಆಫೀಸ್ ಇದನ್ನು ಅದರದ್ದೇ ಹೊಸ ಆವೃತ್ತಿ ಅಂದುಕೊಂಡು, ಹಳೆಯದನ್ನು ಬದಲಿಸಲಾ ಅಂತ ಕೇಳುತ್ತದೆ. ಮುಂದೆ ಮೂಲ ಲೇಖಕರು 1.3 ಹೊರತಂದರೆ ಅದು ನನ್ನದರ ಜಾಗಕ್ಕೆ ಸಲೀಸಾಗಿ ಬರಬಹುದು. ನನಗೆ ಬೇಕಿರುವುದೂ ಅದೇ.

ಹಾಕಿದ ಎಕ್ಸ್‌ಟೆನ್ಷನ್ ಎಲ್ಲಿ ಹೋಯಿತು ಅಂತ ಹುಡುಕುವವರು ಬಹಳ. ಪಟ್ಟಿಯಲ್ಲಿ ಇರುತ್ತದೆ, ಮೆನುವಿನಲ್ಲಿ ಕಾಣುವುದಿಲ್ಲ. ಮೊದಲು ಟೂಲ್ಸ್ ಮೆನುವಿನ ಕೆಳಗಡೆ ಆಡ್-ಆನ್ಸ್ ಅನ್ನುವ ಉಪಮೆನು ನೋಡಿ. ಆಮೇಲೆ ಯಾವ ಅಪ್ಲಿಕೇಷನ್‌ನಲ್ಲಿದ್ದೀರಿ ಅಂತ ನೋಡಿ. ಆಡ್‌ಆನ್ಸ್ ಫೈಲ್‌ನಲ್ಲಿ ಕಾಂಟೆಕ್ಸ್ಟ್ ಅಂತ ಒಂದು ಸಾಲು ಇರುತ್ತದೆ. ಅದರಲ್ಲಿ ಟೆಕ್ಸ್ಟ್ ಡಾಕ್ಯುಮೆಂಟ್ ಮಾತ್ರ ಇದ್ದರೆ ಲೆಕ್ಕದ ಹಾಳೆಯ ಕ್ಯಾಲ್ಕ್‌ನಲ್ಲಿ ಕಾಣುವುದೇ ಇಲ್ಲ. ಟ್ಯಾಬ್ ಇರುವ ಮೇಲ್ನೋಟ ಬಳಸುತ್ತಿದ್ದರೆ ವ್ಯೂ ಮೆನುವಿನ ಯೂಸರ್ ಇಂಟರ್ಫೇಸ್‌ನಲ್ಲಿ ಸ್ಟ್ಯಾಂಡರ್ಡ್ ಟೂಲ್‌ಬಾರ್‌ಗೆ ಬದಲಿಸಿ ನೋಡಿ. ಮೆನು ಕಾಣುತ್ತದೆ, ಒತ್ತಿದರೆ ಏನೂ ಆಗುವುದಿಲ್ಲ ಅಂದರೆ, ಮೆನು ಫೈಲ್‌ನಲ್ಲಿ ಕರೆಯುವ ಸರ್ವಿಸ್ ಹೆಸರೂ ಪೈಥಾನ್ ಫೈಲ್ ಕೊನೆಯಲ್ಲಿ ನೋಂದಾಯಿಸುವ ಹೆಸರೂ ಅಕ್ಷರಕ್ಕೆ ಅಕ್ಷರ ಒಂದೇ ಇವೆಯಾ ಅಂತ ಹೋಲಿಸಿ.

ಕನ್ನಡದಲ್ಲಿ ಬರೆಯುವವರಿಗೆ ಒಂದು ಮಾತು. ಕಾಗುಣಿತದ ನಿಘಂಟುಗಳೂ ಇದೇ ಒಎಕ್ಸ್‌ಟಿ ರೂಪದಲ್ಲಿ ಬರುತ್ತವೆ. ಒಳಗೆ ಪದಗಳ ಪಟ್ಟಿ ಒಂದು, ಪ್ರತ್ಯಯಗಳ ನಿಯಮ ಒಂದು. ಹಾಕಿದರೂ ಕೆಲಸ ಮಾಡುತ್ತಿಲ್ಲ ಅನಿಸಿದರೆ ಆಪ್ಷನ್ಸ್‌ನ ಭಾಷಾ ಪುಟ ನೋಡಿ. ಲಿಬ್ರೆಆಫೀಸ್ ಕನ್ನಡವನ್ನು ಕಾಂಪ್ಲೆಕ್ಸ್ ಟೆಕ್ಸ್ಟ್ ಲೇಔಟ್ ಗುಂಪಿನಲ್ಲಿ ಇಡುತ್ತದೆ. ಆ ಸಾಲಿನಲ್ಲಿ ಗುರುತು ಹಾಕಿ ಕನ್ನಡ ಆರಿಸಬೇಕು. ಆಮೇಲೂ ಸರಿಯಾದ ಪದಗಳ ಕೆಳಗೆ ಕೆಂಪು ಗೆರೆ ಬರುತ್ತಲೇ ಇರುತ್ತದೆ. ಒಂದು ಪದಕ್ಕೆ ನಾವು ಎಷ್ಟೊಂದು ಪ್ರತ್ಯಯ ಅಂಟಿಸುತ್ತೇವೆ ಅಲ್ವಾ, ಅಷ್ಟನ್ನೂ ಹಿಡಿಯುವುದು ಆ ನಿಯಮದ ಫೈಲ್‌ಗೆ ಸುಲಭವಲ್ಲ. ಸರಿಯಾದವನ್ನು ಸ್ವಂತ ನಿಘಂಟಿಗೆ ಸೇರಿಸುತ್ತಾ ಹೋಗುವುದೇ ಸದ್ಯದ ದಾರಿ.

ತಿದ್ದಿದ ಕೋಡ್‌ನ ಡಿಫ್ ಫೈಲ್ (ಹಳೆಯದಕ್ಕೂ ಹೊಸದಕ್ಕೂ ಇರುವ ವ್ಯತ್ಯಾಸದ ಪಟ್ಟಿ) ಮಾಡಿ, ಯಾವ ಸಾಲು ಯಾಕೆ ಬದಲಾಯಿತು ಅಂತ ಬರೆದು, ಡಿಸ್ಕ್ರಿಪ್ಷನ್ ಫೈಲ್‌ನಲ್ಲಿದ್ದ ಕೊಂಡಿಯ ಮೂಲಕ ಮೂಲ ಲೇಖಕರಿಗೆ ಕಳಿಸಿದೆ. ಮೆನುವಿನ ಹೆಸರಿಗೆ ಕನ್ನಡದ ಒಂದು ಸಾಲನ್ನೂ ಆಡ್‌ಆನ್ಸ್ ಫೈಲ್‌ನಲ್ಲಿ ಸೇರಿಸಿದ್ದೇನೆ. ಲಿಬ್ರೆಆಫೀಸ್‌ನ ಮೇಲ್ನೋಟ ಕನ್ನಡದಲ್ಲಿ ಇಟ್ಟುಕೊಂಡವರಿಗೆ ಅದು ಕಾಣುತ್ತದೆ. ಇನ್ನೊಂದು ಬಾಕಿ ಇದೆ. ಈ ಎಕ್ಸ್‌ಟೆನ್ಷನ್ ಅಡಿಟಿಪ್ಪಣಿಯ ಪದಗಳನ್ನು ಎಣಿಕೆಗೆ ಸೇರಿಸುವುದಿಲ್ಲ. ಈ ಹಸ್ತಪ್ರತಿಯಲ್ಲಿ ಅಡಿಟಿಪ್ಪಣಿಗಳು ಜಾಸ್ತಿ, ಹಾಗಾಗಿ ಮುಂದೆ ಕೈ ಹಾಕುವುದು ಅದಕ್ಕೆ.